ಜೋತಾಡುವ ಕಾಲಿಗೊಂದು ಕಾಲ್ಮಣೆ: ಮಗುವಿನ ಕಾರ್ ಸೀಟನ್ನು ಮುಟ್ಟದೆ ಮಾಡಿಕೊಳ್ಳುವ ಬಗೆ

ಹುಬ್ಬಳ್ಳಿ ಬಿಟ್ಟ ಕಾರು ಹಾವೇರಿ ಮುಟ್ಟುವುದರೊಳಗೆ ಹಿಂದಿನ ಸೀಟಿನಿಂದ "ಕಾಲ್ ನೋಯಾಕತ್ತಾವು" ಅನ್ನುವ ರಾಗ ಶುರುವಾಗುತ್ತದೆ. ಮೊದಲು ಮುಂದಿನ ಸೀಟಿನ ಬೆನ್ನಿಗೆ ಒದೆತ, ಆಮೇಲೆ ಅಳು, ಕಡೆಗೆ ಅಜ್ಜಿಯ ಶಿಫಾರಸು: "ಪಾಪ, ಎಷ್ಟೊತ್ತಂತ ಕಟ್ಟಿ ಹಾಕ್ತೀರಿ ಕೂಸಿನ್ನ, ಕೊಡ್ರಿ ಇತ್ತಾಗ, ನನ್ನ ತೊಡಿ ಮ್ಯಾಲೆ ಕುಂದರ್ತೈತಿ." ಬಕಲ್ ಬಿಚ್ಚುತ್ತದೆ. ಸಾವಿರಗಟ್ಟಲೆ ಕೊಟ್ಟು ತಂದ ಚೈಲ್ಡ್ ಸೀಟು ಬಿಸ್ಕೀಟಿನ ಚೀಲ ಇಡುವ ಜಾಗವಾಗುತ್ತದೆ.

ತೊಡೆಯ ಲೆಕ್ಕ ಒಂದು ಸಲ ಮಾಡಿ ನೋಡೋಣ. ಗಂಟೆಗೆ 50 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಆ ವೇಗ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಸೊನ್ನೆಗೆ ಇಳಿದರೆ ಪ್ರತಿ ವಸ್ತುವೂ ಸರಾಸರಿ ತನ್ನ ತೂಕದ 14 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. 15 ಕೆ.ಜಿ. ಕೂಸು ಆಗ 210 ಕೆ.ಜಿ. ಎಳೆತ. ಎರಡು ಕ್ವಿಂಟಲ್ ಮೀರಿದ ಚೀಲವನ್ನು ಯಾವ ಅಜ್ಜಿಯ ಕೈಯೂ ಹಿಡಿಯಲಾರದು, ಯಾವ ಪೈಲ್ವಾನನ ಕೈಯೂ ಹಿಡಿಯಲಾರದು. ಕಾನೂನೂ ಇದನ್ನೇ ಹೇಳುತ್ತದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 194ಬಿ ಕಲಮಿನ ಪ್ರಕಾರ 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದೆ ಗಾಡಿ ಓಡಿಸಿದರೆ 1,000 ರೂಪಾಯಿ ದಂಡ.

ಹಾಗಾಗಿ ಕಾಲುನೋವನ್ನು ಹಟ ಎಂದು ತಳ್ಳಿಹಾಕಬೇಡಿ. ಮಗು ಸೀಟಿನಲ್ಲಿ ಉಳಿಯುವುದೂ ಏಳುವುದೂ ಎಷ್ಟೋ ಸಲ ಅದರ ಮೇಲೆಯೇ ನಿಂತಿರುತ್ತದೆ. ಪರಿಹಾರವೂ ದೊಡ್ಡದಲ್ಲ: ಹಗುರಾದ ಫೋಮಿನ ಕಾಲ್ಮಣೆ. ಷರತ್ತು ಮಾತ್ರ ಗಟ್ಟಿ. ಅದು ಕಾರಿನ ನೆಲದ ಮೇಲೆ ಕೂರಬೇಕು, ಮಗುವಿನ ಸೀಟಿಗೆ ಎಲ್ಲೂ ಅಂಟಬಾರದು, ಕಟ್ಟಬಾರದು, ಅದರ ಅಡಿಗೆ ಹೋಗಬಾರದು.

ಕಾಲು ನೋಯುವುದು ಯಾಕೆ

ಕುರ್ಚಿಯಲ್ಲಿ ಕೂತು ಪಾದ ನೆಲಕ್ಕೆ ತಾಗದಂತೆ ಹತ್ತು ನಿಮಿಷ ಇದ್ದು ನೋಡಿ. ಕಾಲಿನ ಭಾರವೆಲ್ಲ ಮೊಣಕಾಲ ಹಿಂದಿನ ಮೆತ್ತನೆಯ ಜಾಗದಲ್ಲಿ, ಸೀಟಿನ ಅಂಚಿನ ಮೇಲೆ ಬೀಳುತ್ತದೆ. ಅಲ್ಲಿ ಹಾದುಹೋಗುವ ನರ ಮತ್ತು ರಕ್ತನಾಳ ಒತ್ತಿಹೋಗಿ ಜುಮ್ಮು ಹಿಡಿಯುತ್ತದೆ. ಮಕ್ಕಳಿಗೆ ಅದನ್ನು ಹೇಳಿಕೊಳ್ಳಲು ಬರುವುದಿಲ್ಲ, ಒದೆಯುತ್ತವೆ. ಎದುರಿನ ಸೀಟಿಗೆ ಪಾದ ಊರಿಕೊಂಡರೆ ಅವಕ್ಕೆ ನಿಜವಾಗಿ ಹಿತವಾಗುತ್ತದೆ.

ಬೂಸ್ಟರ್ (ಕಾರಿನ ಬೆಲ್ಟು ಸರಿಯಾದ ಜಾಗಕ್ಕೆ ಬರುವಂತೆ ಮಗುವನ್ನು ಎತ್ತರಿಸಿ ಕೂರಿಸುವ ಸೀಟು) ಇಲ್ಲದೆ ದೊಡ್ಡವರ ಸೀಟಿನಲ್ಲೇ ಕೂರಿಸಿದಾಗ ಕಾಟ ಇನ್ನೂ ಕೆಟ್ಟದ್ದು. ಕಾರಿನ ಹಿಂದಿನ ಸೀಟಿನ ಆಳ ಸುಮಾರು 45 ಸೆಂ.ಮೀ. ಐದಾರು ವರ್ಷದ ಮಗುವಿನ ತೊಡೆ ಅಷ್ಟು ಉದ್ದವಿಲ್ಲ. ಮೊಣಕಾಲು ಮಡಚಲೆಂದು ಮಗು ಮುಂದಕ್ಕೆ ಜಾರಿ ಕೂರುತ್ತದೆ, ಬೆನ್ನು ಬಾಗುತ್ತದೆ, ಸೊಂಟದ ಮೂಳೆಯ ಮೇಲಿರಬೇಕಾದ ಬೆಲ್ಟು ಹೊಟ್ಟೆಗೆ ಏರುತ್ತದೆ. ಡಿಕ್ಕಿಯಾದರೆ ದೇಹ ಬೆಲ್ಟಿನ ಅಡಿಯಿಂದ ಜಾರಿ ಹೊಟ್ಟೆಯೊಳಗಿನ ಅಂಗಗಳಿಗೆ ಪೆಟ್ಟು ಬೀಳುತ್ತದೆ. ಇದಕ್ಕೆ ಕಾಲ್ಮಣೆ ಮದ್ದಲ್ಲ, ಬೂಸ್ಟರೇ ಮದ್ದು. ಬೂಸ್ಟರಿನ ಕೂರುವ ಭಾಗ ಗಿಡ್ಡ, ಮೊಣಕಾಲು ಅದರ ಅಂಚಿನಲ್ಲೇ ಮಡಚುತ್ತದೆ. ಮೊದಲು ಅದು, ಆಮೇಲೆ ಮಣೆ.

ಯಾವ ಮಗುವಿಗೆ ಬೇಕು, ಯಾವುದಕ್ಕೆ ಬೇಡ

ಹಿಂದಕ್ಕೆ ಮುಖ ಮಾಡಿ ಕೂರುವ ಸಣ್ಣ ಮಕ್ಕಳಿಗೆ ಏನೂ ಬೇಡ. ಕಾಲು ಮಡಚಿ ಸೀಟಿನ ಬೆನ್ನಿಗೆ ತಾಗಿಕೊಂಡಿರುವುದನ್ನು ಕಂಡು ನಮಗೆ ಇಕ್ಕಟ್ಟು ಅನಿಸುತ್ತದೆ, ಅವಕ್ಕೆ ಚಕ್ಕಳಮಕ್ಕಳ ಹಾಕಿದ ಸುಖ. ಬಹಳ ಮಂದಿ ಈ "ಇಕ್ಕಟ್ಟಿಗೆ" ಮರುಗಿ ಕೂಸನ್ನು ಬೇಗ ಮುಂದಕ್ಕೆ ತಿರುಗಿಸುತ್ತಾರೆ. ಕತ್ತು ಇನ್ನೂ ಎಳಸು, ತಲೆ ಭಾರ. ಸೀಟಿನ ಪುಸ್ತಕ ಹೇಳುವ ತೂಕ ಅಥವಾ ಎತ್ತರ ಮುಗಿಯುವ ತನಕ ತಿರುಗಿಸಬೇಡಿ.

ಮುಂದಕ್ಕೆ ಮುಖ ಮಾಡಿ ಐದು ಕಡೆ ಹಿಡಿಯುವ ಬೆಲ್ಟಿನಲ್ಲಿ ಕೂರುವವರಿಗೆ (ಹಳೆಯ ಲೇಬಲ್ಲುಗಳಲ್ಲಿ 9ರಿಂದ 18 ಕೆ.ಜಿ. ಎಂದಿರುತ್ತದೆ) ಮತ್ತು 15ರಿಂದ 36 ಕೆ.ಜಿ. ವರೆಗಿನ ಬೂಸ್ಟರಿನವರಿಗೆ ಕಾಲು ಜೋತುಬೀಳುತ್ತದೆ. ಬೂಸ್ಟರಿನವರಿಗೇ ಹೆಚ್ಚು ಉಪಯೋಗ, ಯಾಕೆಂದರೆ ಅವರ ಕಾಲು ಉದ್ದ, ಭಾರವೂ ಜಾಸ್ತಿ.

ಫೋಮು ಹುಡುಕಿಕೊಂಡು ಹೊರಡುವ ಮುಂಚೆ ಎರಡು ಸಂಗತಿ ನೋಡಿ. ಬೂಟು ಬಿಚ್ಚಿಸಿ. ಶಾಲೆಯ ಕಪ್ಪು ಬೂಟು ಜೋತುಬಿದ್ದ ಕಾಲಿಗೆ ಸುಮ್ಮನೆ ಭಾರ. ಆಮೇಲೆ ಮಗುವಿನ ಸೊಂಟ ಸೀಟಿನ ಮೂಲೆಗೆ ಪೂರ್ತಿ ಹಿಂದೆ ಸರಿದಿದೆಯೇ, ಐದು ಕಡೆಯ ಬೆಲ್ಟು ಬಿಗಿಯಾಗಿದೆಯೇ ನೋಡಿ. ಹೆಗಲ ಮೇಲೆ ಬೆಲ್ಟಿನ ಬಟ್ಟೆಯನ್ನು ಚಿವುಟಲು ಬಂದರೆ ಸಡಿಲ ಅಂತ ಅರ್ಥ. ಕೆಲವು ಸಲ ಇಷ್ಟರಲ್ಲೇ ದೂರು ಅರ್ಧಕ್ಕೆ ಇಳಿಯುತ್ತದೆ.

ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಸಿಗುವವು

ಸಿದ್ಧ ಫುಟ್‌ರೆಸ್ಟುಗಳು ಮೂರು ನಮೂನೆ. ಒಂದು, ಲೋಹದ ಚೌಕಟ್ಟು. ಅದರ ತಟ್ಟೆಯನ್ನು ಮಗುವಿನ ಸೀಟಿನ ಅಡಿಗೆ ತೂರಿಸಬೇಕು. ಎರಡನೆಯದು ಮುಂದಿನ ಸೀಟಿನ ತಲೆದಿಂಬಿಗೆ ಪಟ್ಟಿಯಿಂದ ನೇತುಹಾಕುವ ತೊಟ್ಟಿಲಿನಂಥದ್ದು. ಮೂರನೆಯದು ಗಾಳಿ ತುಂಬುವ ದಿಂಬು, ವಿಮಾನ ಪ್ರಯಾಣಕ್ಕೆಂದು ಮಾರುವುದು.

ಮೊದಲನೆಯದು ನೋಡಲು ಗಟ್ಟಿಮುಟ್ಟು, ನನಗೆ ಒಪ್ಪಿಗೆಯಿಲ್ಲ. ಮಕ್ಕಳ ಸೀಟಿನ ಸುರಕ್ಷತಾ ಮಾನದಂಡ ಭಾರತದ ಎಐಎಸ್ 072 ಇರಲಿ, ಯುರೋಪಿನ ಆರ್44 ಅಥವಾ ಆರ್129 ಇರಲಿ, ಪರೀಕ್ಷೆಯಾದದ್ದು ಸೀಟು ತಯಾರಾದ ರೂಪದಲ್ಲಿ. ಅಡಿಗೆ ತಟ್ಟೆ ಸೇರಿಸಿದರೆ ಸೀಟು ಕಾರಿನ ಗಾದಿಯ ಮೇಲೆ ಕೂರುವ ಕೋನ ಬದಲಾಗುತ್ತದೆ, ಬೆಲ್ಟು ಈಗ ಬಿಗಿ ಅನಿಸಿದರೂ ಗಾದಿ ಒತ್ತಿಕೊಂಡಂತೆ ಸಡಿಲಾಗುತ್ತದೆ. ಮೇಲಾಗಿ ಡಿಕ್ಕಿಯಲ್ಲಿ ಮಗುವಿನ ಕಾಲು ಮುಂದಕ್ಕೆ ಹಾರುತ್ತದೆ. ಎದುರಿಗೆ ಕಬ್ಬಿಣದ ಅಡ್ಡಪಟ್ಟಿ ಇದ್ದರೆ ಏಟು ಮೊಳಕಾಲಿನ ಮೂಳೆಗೆ. ಇದಕ್ಕೊಂದೇ ಅಪವಾದ: ನಿಮ್ಮ ಸೀಟಿನ ಕಂಪನಿಯೇ ನಿಮ್ಮ ಮಾದರಿಗೆಂದು ಮಾಡಿ, ಪುಸ್ತಕದಲ್ಲಿ ಹೆಸರಿಸಿದ ಫುಟ್‌ರೆಸ್ಟು. ಅಂಥದ್ದು ಸಿಕ್ಕರೆ ಮುಂದಿನದನ್ನೆಲ್ಲ ಓದದೆ ಅದನ್ನೇ ತನ್ನಿ.

ನೇತುಹಾಕುವುದು ಮುಂದೆ ಕೂತವರ ಸೀಟು ಸರಿದಾಗಲೆಲ್ಲ ಅಲುಗುತ್ತದೆ, ಪಟ್ಟಿಗಳಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ. ಗಾಳಿದಿಂಬು ಹಗುರ, ಮೆತ್ತಗೆ, ಪರವಾಗಿಲ್ಲ. ಆದರೆ ಏಪ್ರಿಲ್‌ನ ಗದಗಿನ ಬಿಸಿಲಲ್ಲಿ ನಿಂತ ಕಾರಿನಲ್ಲಿ ಉಬ್ಬಿ ಹೊಲಿಗೆ ಬಿಡುವ ಭಯ, ಎತ್ತರವೂ ಬಹಳ ಸಲ ಹೆಚ್ಚು. ಹೆಚ್ಚಾದರೆ ಮಗು ಕಾಲು ಚಾಚಿ ಅರೆ ಮಲಗುತ್ತದೆ, ಬೆಲ್ಟು ಮತ್ತೆ ಹೊಟ್ಟೆಗೆ.

ಅಳತೆ

ಕಾರು ಸಮತಟ್ಟು ಜಾಗದಲ್ಲಿರಲಿ. ಮಗುವಿನ ಸೀಟು ಎಡಬದಿಗೆ, ಅಂದರೆ ಮುಂದೆ ಕೂರುವ ಪ್ರಯಾಣಿಕರ ಹಿಂದೆ ಇದ್ದರೆ ಒಳ್ಳೆಯದು. ನಮ್ಮಲ್ಲಿ ಗಾಡಿ ಎಡಕ್ಕೆ ನಿಲ್ಲುತ್ತದೆ, ಮಗು ಇಳಿಯುವುದು ರಸ್ತೆಯ ಅಂಚಿಗೆ. ಮುಂದಿನ ಸೀಟನ್ನು ಯಾವಾಗಲೂ ಇರುವ ಜಾಗಕ್ಕೆ ಸರಿಸಿ ಮಗುವನ್ನು ಸರಿಯಾಗಿ ಕೂರಿಸಿ ಬೆಲ್ಟು ಹಾಕಿ.

ಈಗ ಟೇಪಿನಿಂದ ಎರಡು ಎತ್ತರ ತೆಗೆದುಕೊಳ್ಳಿ. ಮಗುವಿನ ಸೀಟಿನ ಮುಂದಿನ ಅಂಚಿನಿಂದ ಕಾರಿನ ನೆಲಕ್ಕೆ ಎಷ್ಟು. ಮಗುವಿನ ಮೊಣಕಾಲ ಹಿಂದಿನ ಮಡಿಕೆಯಿಂದ ಅಂಗಾಲಿಗೆ ಎಷ್ಟು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಮಣೆಯ ಎತ್ತರ. ಉದಾಹರಣೆಗೆ ಅಂಚು 45 ಸೆಂ.ಮೀ., ಕಾಲು 27 ಆದರೆ 18. ಅದರಿಂದ ಒಂದೆರಡು ಸೆಂ.ಮೀ. ಕಡಿಮೆಯೇ ಇರಲಿ, ಹೆಚ್ಚಂತೂ ಬೇಡ. ತೊಡೆ ಸೀಟಿನ ಮೇಲೆ ಚಪ್ಪಟೆಯಾಗಿ ಒರಗಿರಬೇಕು. ಮೊಣಕಾಲು ಮೇಲೆದ್ದರೆ ಸೊಂಟ ಹಿಂದಕ್ಕೆ ಹೊರಳಿ ಬೆಲ್ಟು ಇರುವ ಜಾಗ ತಪ್ಪುತ್ತದೆ.

ಅಗಲಕ್ಕೆ ಮಗುವಿನ ಎರಡು ಪಾದ ಆರಾಮವಾಗಿ ಕೂರುವಷ್ಟು, 35–40 ಸೆಂ.ಮೀ. ಸಾಕು. ಆಳವೆಂದರೆ ಮುಂದಿನ ಸೀಟಿನ ಬೆನ್ನಿಗೂ ಹಿಂದಿನ ಗಾದಿಯ ಬುಡಕ್ಕೂ ನಡುವಿನ ಜಾಗ. ಎರಡೂ ಬದಿಗೆ ಒಂದು ಬೆರಳು ಸಡಿಲಿರುವಂತೆ ಹಿಡಿಯಿರಿ. ಸಣ್ಣ ಕಾರುಗಳಲ್ಲಿ ಈ ಜಾಗ 25–30 ಸೆಂ.ಮೀ. ಕೂಡ ಇರುವುದಿಲ್ಲ. ಗಿಡಿದು ತುಂಬಬೇಡಿ, ಯಾರೋ ಮುಂದಿನ ಸೀಟನ್ನು ಹಿಂದಕ್ಕೆ ತಳ್ಳಿದರೆ ಮಣೆ ಹೋಗಿ ಮಗುವಿನ ಸೀಟನ್ನು ಒತ್ತುತ್ತದೆ.

ಇನ್ನೊಂದು ಅಳತೆಯನ್ನು ಯಾರೂ ತೆಗೆಯುವುದಿಲ್ಲ, ತೆಗೆಯಲೇಬೇಕು: ಮುಂದಿನ ಸೀಟಿನ ಅಡಿಯ ಸಂದಿಯ ಎತ್ತರ. ಮಣೆ ಆ ಸಂದಿಗಿಂತ ಎತ್ತರವಿರಬೇಕು. ಇಲ್ಲದಿದ್ದರೆ ಜೋರಾಗಿ ಬ್ರೇಕ್ ಹಾಕಿದಾಗ ಅಡಿಯಿಂದ ತೂರಿ ಮುಂದೆ ಬರುತ್ತದೆ. ಡ್ರೈವರ್ ಬದಿಯಾದರೆ ನೇರ ಪೆಡಲಿನ ಬುಡಕ್ಕೆ. ಲೆಕ್ಕ ಹಾಕಿದ ಎತ್ತರ ಸಂದಿಗಿಂತ ಕಡಿಮೆ ಬಂದರೆ ಆ ಕಾರಿಗೆ ಈ ಕೆಲಸ ಬಿಟ್ಟುಬಿಡಿ.

ಐಸೋಫಿಕ್ಸ್ ಸೀಟಿಗೆ (ಬೆಲ್ಟಿನ ಬದಲು ಕಾರಿನಲ್ಲೇ ಇರುವ ಲೋಹದ ಕೊಂಡಿಗಳಿಗೆ ಸಿಕ್ಕಿಸುವ ಸೀಟಿಗೆ) ಮುಂದೆ ನೆಲಕ್ಕೆ ಊರುವ ಸಪೋರ್ಟ್ ಲೆಗ್ ಇದೆಯೇ? ಆ ಕೋಲು ಡಿಕ್ಕಿಯಲ್ಲಿ ಸೀಟು ಮುಂದಕ್ಕೆ ಮಗುಚದಂತೆ ತಡೆಯುವಂಥದ್ದು, ಅದು ನೆಲಕ್ಕೇ ತಾಗಿರಬೇಕು, ಫೋಮಿಗಲ್ಲ. ಮಣೆಯ ನಡುವೆ ಕಚ್ಚು ಹಾಕಿಸಿ, ಕೋಲಿನ ಸುತ್ತ ಎರಡು ಬೆರಳು ಜಾಗ ಬಿಡಿ. ಅಥವಾ ಎರಡು ಸಣ್ಣ ತುಂಡು ಮಾಡಿ ಕೋಲಿನ ಎರಡು ಕಡೆಗೆ ಇಡಿ.

ಫೋಮ್

ಗಾದಿ, ಸೋಫಾ ಕುಷನ್ ಮಾಡುವ ಅಂಗಡಿಗೆ ಹೋದರೆ ಮೊದಲ ಪ್ರಶ್ನೆ, "ಎಷ್ಟ್ ಡೆನ್ಸಿಟಿ ಬೇಕ್ರಿ?" ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮಿನ ತೂಕ, ಕಿಲೋಗಳಲ್ಲಿ. ಸೋಫಾಕ್ಕೆ ಹಾಕುವ 32 ಡೆನ್ಸಿಟಿ ಕೇಳಿ. 40 ಸೆಂ.ಮೀ. ಅಗಲ, 30 ಆಳ, 18 ಎತ್ತರದ ಮಣೆ ಅದರಲ್ಲಿ 700 ಗ್ರಾಮಿನ ಆಸುಪಾಸು ಬರುತ್ತದೆ. ಅಂಗಡಿಯವರು ಪ್ರೀತಿಯಿಂದ "ಇದು ಕುಂತ್ರ ಕುಸಿಯೂದುಲ್ರಿ, ಇದನ್ನ ಒಯ್ರಿ" ಎಂದು ಬಣ್ಣಬಣ್ಣದ ಚೂರು ಒತ್ತಿ ಮಾಡಿದ ರೀಬಾಂಡೆಡ್ ತೋರಿಸುತ್ತಾರೆ. ಅದರ ಡೆನ್ಸಿಟಿ 100 ಇದ್ದರೆ ಅದೇ ಅಳತೆಗೆ ಎರಡು ಕಿಲೋ ದಾಟುತ್ತದೆ. ಮೇಲೆ ಮಾಡಿದ ಲೆಕ್ಕ ಇಲ್ಲಿಗೂ ಅನ್ವಯ: ಡಿಕ್ಕಿಯ ಗಳಿಗೆಯಲ್ಲಿ ಎರಡು ಕಿಲೋ ಅಂದರೆ 28 ಕಿಲೋ ಬಡಿತ. ಕುಸಿಯುವುದೇ ನಮಗೆ ಬೇಕಾದದ್ದು. ಕಾರಿನ ನೆಲ ಒಳನುಗ್ಗಿದರೂ, ಕಾಲು ಹೋಗಿ ಬಡಿದರೂ ಮಣೆ ಚಪ್ಪಟೆಯಾಗಬೇಕು, ಮೂಳೆಗೆ ಎದುರು ನಿಲ್ಲಬಾರದು.

ಈ ಕಾರಣಕ್ಕೇ ಮರದ ಮಣೆ, ಪ್ಲೈವುಡ್ ಪೆಟ್ಟಿಗೆ, ಪಿವಿಸಿ ಪೈಪಿನ ಚೌಕಟ್ಟು, ನೀರಿನ ಬಾಟಲಿ ತುಂಬಿದ ರಟ್ಟಿನ ಡಬ್ಬಿ ಯಾವುದೂ ಬೇಡ. ಮನೆಯಲ್ಲಿ ಬಡಗಿ ಕೆಲಸ ನಡೆದಿದ್ದರೆ ಮನಸ್ಸು ಆ ಕಡೆ ಎಳೆಯುತ್ತದೆ, ಗೊತ್ತು. ಫ್ರಿಜ್, ಟಿವಿ ಪೆಟ್ಟಿಗೆಯಲ್ಲಿ ಬರುವ ಬಿಳಿ, ಬಾಗುವ ಪ್ಯಾಕಿಂಗ್ ಫೋಮ್ ಸಿಕ್ಕರೆ ಅದು ಹಗುರ, ನೀರೂ ಹೀರುವುದಿಲ್ಲ, ಚೆನ್ನಾಗಿಯೇ ಆಗುತ್ತದೆ. ಥರ್ಮೋಕೋಲ್ ಮಾತ್ರ ಮುರಿದು ಕಾರಿನ ತುಂಬ ಮಂಡಕ್ಕಿ ಚೆಲ್ಲಿದಂತಾಗುತ್ತದೆ, ಸಣ್ಣ ಮಕ್ಕಳು ಬಾಯಿಗೂ ಹಾಕುತ್ತವೆ.

ಒಂದೇ ದಪ್ಪ ತುಂಡು ತರಬೇಡಿ. ಐದೈದು ಸೆಂ.ಮೀ. ದಪ್ಪದ ಹಾಳೆಗಳನ್ನು ಒಂದೇ ಅಳತೆಗೆ ಕತ್ತರಿಸಿ ಕೊಡಲು ಹೇಳಿ. 18 ಬೇಕಿದ್ದಲ್ಲಿ ಮೂರು ಹಾಳೆ, ಮೇಲೊಂದು ಎರಡು ಸೆಂ.ಮೀ. ತೆಳು ಹಾಳೆ ಹಾಕಿದರೆ 17. ಪೂರ್ತಿ ಶೀಟು ಬೇಕಿಲ್ಲ, ಕಟ್ ಪೀಸ್ ಕೇಳಿ, ಅಂಗಡಿಯ ಮೂಲೆಯಲ್ಲಿ ಬಿದ್ದಿರುತ್ತವೆ. ಮನೆಯಲ್ಲೇ ಕತ್ತರಿಸುವುದಾದರೆ ಹಲ್ಲಿರುವ ಬ್ರೆಡ್ ಚಾಕು, ಗೆರೆಗೆ ಒಂದು ಹಲಗೆ ಒತ್ತಿ ಹಿಡಿದು, ಒತ್ತದೆ ಎಳೆಯುತ್ತ ಕೊಯ್ಯಿರಿ.

ಹಾಳೆಗಳನ್ನು ಅಂಟಿಸಬೇಡಿ. ರೆಗ್ಜಿನ್ ಅಂಟಿನ ವಾಸನೆ ಮುಚ್ಚಿದ ಕಾರಿನಲ್ಲಿ ದಿನಗಟ್ಟಲೆ ಹೋಗುವುದಿಲ್ಲ, ಮೊದಲೇ ವಾಂತಿ ಮಾಡುವ ಮಗುವಿದ್ದರೆ ಕೇಳಲೇಬೇಡಿ. ಅಂಟಿಸಿದ ಹಾಳೆಯನ್ನು ಆಮೇಲೆ ಬಿಡಿಸಲೂ ಆಗದು, ಬಿಡಿಸಬೇಕಾದ ಕಾಲ ಬರುತ್ತದೆ.

ಗವಸು

ಗವಸೇ ಹಾಳೆಗಳನ್ನು ಹಿಡಿದಿಡುವುದರಿಂದ ಬಿಗಿಯಾಗಿರಬೇಕು. ಮಣೆಯನ್ನೇ ಟೇಲರ್ ಹತ್ತಿರ ಒಯ್ದು ಮೈಮೇಲೆ ಅಳತೆ ಕೊಡಿ, ಒಂದು ಉದ್ದ ಬದಿಗೆ ಜಿಪ್ ಹಾಕಿಸಿ. ಬಟ್ಟೆ ದಪ್ಪ ಹತ್ತಿಯದ್ದು. ರಾಷ್ಟ್ರಧ್ವಜ ತಯಾರಾಗುವ ಬೆಂಗೇರಿ ಹುಬ್ಬಳ್ಳಿಯಲ್ಲೇ ಇರುವಾಗ ಗಟ್ಟಿ ಖಾದಿ ತುಂಡಿಗೆ ಬರವಿಲ್ಲ. ರೆಗ್ಜಿನ್ ಒರೆಸಲು ಸುಲಭ ಅನ್ನುವುದು ನಿಜ, ಆದರೆ ಬೇಸಿಗೆಯಲ್ಲಿ ಬರಿಗಾಲು ಸುಡುತ್ತದೆ, ಬೆವರಿಗೆ ಜಾರುತ್ತದೆ. ಬಣ್ಣ ಕಪ್ಪೋ ಕಂದೋ ಇರಲಿ. ಮಳೆಗಾಲದಲ್ಲಿ ಹೊಲಕ್ಕೆ ಹೋಗಿ ಬಂದ ಎರಿ ಮಣ್ಣು ಹತ್ತಿದರೆ ಬಿಳಿ ಗವಸು ಮತ್ತೆ ಬಿಳಿಯಾಗುವುದಿಲ್ಲ. ಮನೆಯಲ್ಲಿ ಹಳೆಯ ನವಲಗುಂದ ಜಮಖಾನೆ ಇದ್ದರೆ ಈ ಕೆಲಸಕ್ಕೆ ಅದಕ್ಕೆ ಕತ್ತರಿ ಹಾಕಬೇಡಿ ಮಾರಾಯರೆ.

ಅಡಿಭಾಗಕ್ಕೆ ವೆಲ್ಕ್ರೋದ ಒರಟು ಪಟ್ಟಿ, ಅಂದರೆ ಕೊಕ್ಕೆಯಿರುವ ಅರ್ಧ, ಎರಡು ಸಾಲು ಹೊಲಿಸಿ. ಕಾರಿನ ನೆಲದ ಕಾರ್ಪೆಟ್ಟಿಗೆ ಅದು ತಾನೇ ಕಚ್ಚಿಕೊಳ್ಳುತ್ತದೆ, ಜಾರುವುದಿಲ್ಲ. ರಬ್ಬರ್ ಮ್ಯಾಟ್ ಮೇಲೆ ಕಚ್ಚುವುದಿಲ್ಲ, ಆ ಬದಿಯ ಮ್ಯಾಟ್ ತೆಗೆಯಬೇಕು. ಪಟ್ಟಿ, ಹಗ್ಗ, ಕೊಕ್ಕೆಯಿಂದ ಮುಂದಿನ ಸೀಟಿನ ಕಂಬಿಗೆ ಕಟ್ಟುವ ಯೋಚನೆ ಬಿಡಿ. ಅಲ್ಲಿ ಅಡಿಯಲ್ಲಿ ಹಳದಿ ಕನೆಕ್ಟರ್ ಇರುವ ವೈರುಗಳು ಕಂಡರೆ ಅವು ಏರ್‌ಬ್ಯಾಗಿಗೋ ಬೆಲ್ಟು ಬಿಗಿಯುವ ಯಂತ್ರಕ್ಕೋ ಸೇರಿದವು, ಬೆರಳೂ ತಾಗಿಸಬೇಡಿ. ಮುಂದಿನ ಸೀಟಿನ ಅಡಿಯಿಂದ ಹಿಂದಕ್ಕೆ ಎಸಿ ಗಾಳಿ ಬರುವ ಕಿಂಡಿ ಇದ್ದರೆ ಅದೂ ಮುಚ್ಚದಿರಲಿ.

ಇಟ್ಟ ಮೇಲೆ ನೋಡಬೇಕಾದದ್ದು

ಮಣೆ ಇಡಿ, ಮಗುವನ್ನು ಎತ್ತಿ ಕೂರಿಸಿ. ಹತ್ತುವ ಮೆಟ್ಟಿಲಾಗಿ ಬಳಸಲು ಬಿಡಬೇಡಿ, ಹಗುರ ಫೋಮು ವಾಲಿ ಮಗು ಬೀಳುತ್ತದೆ. ಬೆಲ್ಟು ಹಾಕಿದ ಮೇಲೆ ಮಗುವಿನ ಸೀಟನ್ನು ಬೆಲ್ಟು ಅಥವಾ ಐಸೋಫಿಕ್ಸ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲುಗಾಡಿಸಿ. ಎರಡೂವರೆ ಸೆಂ.ಮೀ.ಗಿಂತ ಹೆಚ್ಚು ಸರಿಯಬಾರದು, ಮಣೆ ಇಲ್ಲದಾಗ ಹೇಗಿತ್ತೋ ಹಾಗೇ ಇರಬೇಕು. ಸೀಟಿಗೂ ಮಣೆಗೂ ನಡುವೆ ನಿಮ್ಮ ಕೈ ಸಲೀಸಾಗಿ ಹೋಗಬೇಕು. ಬೂಸ್ಟರ್ ಆದರೆ ಕೆಳಬೆಲ್ಟು ತೊಡೆಯ ಬುಡದಲ್ಲಿ, ಮೇಲಿನದು ಹೆಗಲ ನಡುವೆ. ಮಗುವಿಗೆ ಮುಂದಿನ ಸೀಟನ್ನು ಒದೆಯಲು ಹೇಳಿ. ಖುಷಿಯಿಂದ ಒದೆಯುತ್ತದೆ. ಮೊಣಕಾಲು ನೆಟ್ಟಗೆ ಮಾಡದೆ ಪಾದ ಮುಂದಿನ ಸೀಟಿಗೆ ತಾಗುತ್ತಿದ್ದರೆ ಜಾಗ ಕಡಿಮೆ, ಮುಂದಿನ ಸೀಟು ಇನ್ನಷ್ಟು ಸರಿಯಬೇಕು.

ಮೊದಲ ಓಡಾಟ ಧಾರವಾಡಕ್ಕೆ ಸಾಕು, 20 ಕಿ.ಮೀ. ದಾರಿ. ಪೇಢೆ ತಂದ ಹಾಗೂ ಆಯಿತು. ಪಕ್ಕದಲ್ಲಿ ದೊಡ್ಡವರೊಬ್ಬರು ಕೂತು ಮಗು ಜಾರಿ ಕೂರುತ್ತದೆಯೇ, ಮಣೆ ಓರೆಯಾಗುತ್ತದೆಯೇ ಗಮನಿಸಲಿ. ಆಮೇಲೆ ಅಣ್ಣಿಗೇರಿ ಮೇಲೆ ಗದಗಿಗೆ, 60 ಕಿ.ಮೀ. ಹತ್ತಿರದ ದಾರಿ, ಅಷ್ಟರಲ್ಲಿ ಮಗು ನಿದ್ದೆಗೆ ಬೀಳುತ್ತದೆ. ನಿದ್ದೆಯಲ್ಲಿ ಹೇಗೆ ಕೂತಿದೆ ಅನ್ನುವುದೇ ನಿಜವಾದ ಪರೀಕ್ಷೆ. ಸೊಂಟ ಮುಂದಕ್ಕೆ ಬಂದಿದ್ದರೆ ಮಣೆ ಎತ್ತರವಾಯಿತು, ಒಂದು ಹಾಳೆ ತೆಗೆಯಿರಿ. ಕಾರವಾರ ಕಡೆ ಅರಬೈಲ್ ಘಟ್ಟದ ತಿರುವುಗಳಲ್ಲಿ ಪಾದ ಊರಿದ ಮಗು ಪಕ್ಕಕ್ಕೆ ವಾಲುವುದೂ ಕಡಿಮೆ.

ಬೆಂಗಳೂರಿನಂಥ 400 ಕಿ.ಮೀ. ದಾಟಿದ ಪ್ರಯಾಣದಲ್ಲಿ ಮಣೆಯೊಂದೇ ಸಾಲದು. ಎರಡು ತಾಸಿಗೊಮ್ಮೆ ನಿಲ್ಲಿಸಿ. ಹಾವೇರಿಯೋ ರಾಣೆಬೆನ್ನೂರೋ ದಾವಣಗೆರೆಯೋ, ಎಲ್ಲಿ ನೆರಳಿದೆಯೋ ಅಲ್ಲಿ. ಮಗು ಓಡಲಿ. ಓಡುವ ಕಾರಿನಲ್ಲಿ ಮಾತ್ರ "ಐದೇ ನಿಮಿಷ ಬಿಚ್ಚೂನು" ಅನ್ನುವುದು ಬೇಡ, ಅಜ್ಜಿಗೆ ಬೇಕಾದರೆ ಕೂಸಿನ ಪಾದ ಒತ್ತಿಕೊಡುವ ಕೆಲಸ ಕೊಡಿ, ಮಗ್ಗುಲಲ್ಲೇ ಕೂತು, ತಮ್ಮ ಬೆಲ್ಟೂ ಹಾಕಿಕೊಂಡು.

ತಿಂಗಳಿಗೊಮ್ಮೆ ಗವಸು ಒಗೆಯುವಾಗ ಫೋಮು ಬಿಸಿಲಿಗೆ ಹಾಕಬೇಡಿ, ಹಳದಿ ಬಂದು ಪುಡಿಯಾಗುತ್ತದೆ, ನೆರಳಲ್ಲಿ ಒಣಗಿಸಿ. ಮೊಬೈಲ್ ಚಾರ್ಜರಿನ ವೈರು ಅದರ ಅಡಿಯಲ್ಲಿ ಹಾದುಹೋಗದಿರಲಿ, ಸೋಫಾ ಫೋಮಿಗೆ ಬೆಂಕಿ ಬೇಗ ಹತ್ತುತ್ತದೆ. ಶಾಲೆ ಶುರುವಾದಾಗೊಮ್ಮೆ, ದಸರಾ ಸೂಟಿಗೊಮ್ಮೆ ಮತ್ತೆ ಟೇಪು ಹಿಡಿದು ಕಾಲು ಅಳೆಯಿರಿ. ಕಾಲು ಬೆಳೆದಂತೆ ಜಿಪ್ ತೆಗೆದು ಒಂದು ಹಾಳೆ ಎಳೆದುಹಾಕುವುದು, ಗವಸಿಗೆ ಹೊಸ ಹೊಲಿಗೆ ಹಾಕಿಸಿ ಗಿಡ್ಡ ಮಾಡುವುದು. ಉಳಿದ ಹಾಳೆಗಳು ಮುಂದಿನ ಸೀಟಿನ ಸಂದಿಗಿಂತ ಕೆಳಗೆ ಇಳಿದ ದಿನ ಮಣೆಯನ್ನು ಕಾರಿನಿಂದ ಪೂರ್ತಿ ಹೊರಗೆ ತೆಗೆಯಿರಿ. ಪಾದ ಆಗಲೂ ನೆಲಕ್ಕೆ ನಾಲ್ಕಾರು ಬೆರಳು ದೂರ ಇರಬಹುದು, ಇರಲಿ.